ಗೇಣುದ್ದದ ಚೀಲ, ಅರ್ಧ ಕೆಜಿ ಆಯುಧ

ನಮ್ಮ ಮನೆಯಲ್ಲಿ ಆಯುಧ ಪೂಜೆಗೆ ಕೂರದೆ ಉಳಿಯುತ್ತಿದ್ದ ಕಬ್ಬಿಣವೆಂದರೆ ನನ್ನ ಚೀಲದ್ದು ಮಾತ್ರ. ಮಾವನವರ ಸ್ಪ್ಯಾನರುಗಳು ಕೂರುತ್ತಿದ್ದವು, ಸುತ್ತಿಗೆ ಕೂರುತ್ತಿತ್ತು, ಅಡುಗೆಮನೆಯ ಚಾಕು, ಈಳಿಗೆಮಣೆ, ಕತ್ತರಿ ಎಲ್ಲವೂ ಅರಿಶಿನ ಕುಂಕುಮ ಬಳಿಸಿಕೊಂಡು ಸಾಲಾಗಿ ಕೂರುತ್ತಿದ್ದವು. ಒಂದು ವರ್ಷ ಟೀವಿ ರಿಮೋಟಿಗೂ ಯಾರೋ ಕುಂಕುಮ ಇಟ್ಟಿದ್ದರು, ಅದನ್ನು ಒತ್ತಿದವರ ಬೆರಳೆಲ್ಲ ವಾರಗಟ್ಟಲೆ ಕೆಂಪು. ನನ್ನ ಅರ್ಧ ಕೆಜಿ ಸಾಮಾನಿಗೆ ಮಾತ್ರ ಆ ಮಣೆಯ ಮೇಲೆ ಜಾಗವಿಲ್ಲ. ನಾಲ್ಕು ವರ್ಷ ಕೇಳಿದೆ, ನಾಲ್ಕು ವರ್ಷವೂ ಇಲ್ಲ ಅನ್ನಿಸಿಕೊಂಡೆ. ಹಠ ಅನ್ನಿ, ಕೊಬ್ಬು ಅನ್ನಿ, ನನಗೆ ಆ ಮಣೆಯ ಮೇಲೆ ಜಾಗ ಬೇಕಿತ್ತು.

ಮಾವನವರದು ನಂಜನಗೂಡಿನಲ್ಲಿ ಮೋಟಾರು ರಿಪೇರಿ ಅಂಗಡಿ. ಅಂಗಡಿ ಎಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಹುಲ್ಲಹಳ್ಳಿ ಕಡೆಯಿಂದ, ತಾಂಡವಪುರದ ಕಡೆಯಿಂದ ರೈತರು ಸುಟ್ಟುಹೋದ ಪಂಪುಗಳನ್ನು ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಬಂದು ನಮ್ಮ ಬಾಗಿಲಲ್ಲಿ ಇಳಿಸುತ್ತಾರೆ. ಮಾವನವರ ಕೈ ತಾಗಿದ ಮೋಟಾರು ಮತ್ತೆ ಸುಡುವುದು ಅಪರೂಪ, ಇದನ್ನು ನಾನು ಸೊಸೆಯಾಗಿದ್ದರೂ ಒಪ್ಪಿಕೊಳ್ಳುತ್ತೇನೆ. ಆದರೆ ಅವರದೊಂದು ಕಾನೂನಿತ್ತು. ಹೆಂಗಸರು ಅಂಗಡಿಯ ಸಾಮಾನು ಮುಟ್ಟಕೂಡದು. "ಎಂಗುಸ್ರು ಒಂದ್ ಸ್ಪ್ಯಾನರ್ ಎತ್ಕೊಂಡ್ ಓದ್ರೆ ಅದು ಅಕ್ಕಿ ಡಬ್ಬದಲ್ಲಿ ಸಿಗ್ತದೆ ಕಣವ್ವ, ಇಲ್ಲ ಅಂದ್ರೆ ಸಿಗೋದೇ ಇಲ್ಲ," ಅನ್ನುತ್ತಿದ್ದರು. ಅತ್ತೆಯವರು ನಲವತ್ತು ವರ್ಷ ಆ ಮನೆಯಲ್ಲಿ ಬಾಳಿ ಒಂದು ಸ್ಕ್ರೂಡ್ರೈವರನ್ನೂ ಹಿಡಿದವರಲ್ಲ.

ನಾನು ಆ ಮನೆಗೆ ಬಂದ ಹೊಸದರಲ್ಲಿ ಕುಕ್ಕರಿನ ಹಿಡಿ ಲೊಡಲೊಡ ಅನ್ನತೊಡಗಿತು. ಒಂದು ಸ್ಕ್ರೂ ಸಡಿಲವಾಗಿತ್ತು, ಅಷ್ಟೇ. ಮಾವನವರನ್ನು ಸ್ಕ್ರೂಡ್ರೈವರ್ ಕೇಳಿದೆ. "ಇಡವ್ವ ಅಲ್ಲಿ, ನೋಡ್ತೀನಿ," ಅಂದರು. ಕುಕ್ಕರು ಅಂಗಡಿಯ ಬೆಂಚಿನ ಮೇಲೆ ಹನ್ನೊಂದು ದಿನ ಕೂತಿತ್ತು. ಹನ್ನೊಂದು ದಿನ ನಾನು ಪಾತ್ರೆಯಲ್ಲಿ ಬೇಳೆ ಬೇಯಿಸಿ, ಅದು ಬೇಯುವಷ್ಟರಲ್ಲಿ ನನ್ನ ಬಸ್ಸು ತಪ್ಪಿ, ಕಚೇರಿಯಲ್ಲಿ ಹಾಜರಿ ಪುಸ್ತಕದ ಮುಂದೆ ಮುಖ ಸಣ್ಣ ಮಾಡಿಕೊಂಡು ನಿಂತೆ. ಮನೆ ತುಂಬ ಸ್ಕ್ರೂಡ್ರೈವರ್ ಇಟ್ಟುಕೊಂಡು ಒಂದು ಸ್ಕ್ರೂಗೆ ಹನ್ನೊಂದು ದಿನ! ನನಗೆ ಪಿತ್ತ ನೆತ್ತಿಗೇರಿತು.

ನನ್ನ ಕೆಲಸ ಟಿ. ನರಸೀಪುರದ ಒಂದು ಕಚೇರಿಯಲ್ಲಿ, ಗುಮಾಸ್ತೆ. ನಂಜನಗೂಡಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಹನ್ನೆರಡನೆಯ ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ ನರಸೀಪುರದ ಬಸ್ ಸ್ಟ್ಯಾಂಡ್ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ನುಗ್ಗಿದೆ. ಸ್ಕ್ರೂಡ್ರೈವರ್ ಬೇಕು ಅಂದೆ.

"ಯಾರ್ಗೆ ಮೇಡಂ, ಮನೇಲಿ ಸಾ ಅವ್ರಿಗಾ?" ಅಂದ ಅಂಗಡಿಯವನು.

"ಸಾ ಅವ್ರಿಗಲ್ಲ, ನಂಗೆ."

ಅವನು ಒಳಗೆ ಹೋಗಿ ಗುಲಾಬಿ ಬಣ್ಣದ ಹಿಡಿಯದೊಂದನ್ನು ತಂದು, "ಲೇಡೀಸ್‌ಗೆ ಇದು ಚೆನ್ನಾಗದೆ ಮೇಡಂ," ಅಂದ. ನನ್ನ ಮೈ ಉರಿದುಹೋಯಿತು. "ನಾನು ಬಣ್ಣ ನೋಡೋಕೆ ಬಂದಿಲ್ಲ ಕಣ್ರೀ, ತುದಿ ತೋರ್ಸಿ," ಅಂದೆ. ಕೊನೆಗೆ ತಂದಿದ್ದು ಹಳದಿ ಹಿಡಿಯ ಒಂದು ಚಿಕ್ಕದು. ಅದರ ಸರಳನ್ನು ಕಿತ್ತು ಒಂದು ಕಡೆ ಹಾಕಿದರೆ ಚಪ್ಪಟೆ ತುದಿ, ತಿರುಗಿಸಿ ಹಾಕಿದರೆ ಪ್ಲಸ್ ತುದಿ. ಸಂಜೆ ಮನೆಗೆ ಹೋದವಳೇ ಬೆಂಚಿನ ಮೇಲಿಂದ ಕುಕ್ಕರ್ ಎತ್ತಿಕೊಂಡು ಅಡುಗೆಮನೆಯಲ್ಲಿ ನಿಂತು ಹಿಡಿ ಬಿಗಿ ಮಾಡಿದೆ. ಹತ್ತು ಸೆಕೆಂಡೂ ಹಿಡಿಯಲಿಲ್ಲ. ಮಾವನವರು ಮೂರು ದಿನದ ಮೇಲೆ ಕುಕ್ಕರ್ ಎಲ್ಲಿ ಅಂತ ಹುಡುಕಿದರು.

ಅಲ್ಲಿಂದ ನನಗೆ ಚಟ ಹತ್ತಿತು. ಆದರೆ ಚಟಕ್ಕೂ ಒಂದು ಮಿತಿ ಹಾಕಿಕೊಂಡೆ, ಯಾಕೆಂದರೆ ಎಲ್ಲವನ್ನೂ ಹೆಗಲ ಮೇಲೆ ಹೊರಬೇಕಾದವಳು ನಾನು. ನನ್ನ ಬ್ಯಾಗಿನಲ್ಲಿ ಊಟದ ಡಬ್ಬಿ, ನೀರಿನ ಬಾಟಲಿ, ಕೊಡೆ, ಪರ್ಸು ಹೋಗಿ ಉಳಿಯುತ್ತಿದ್ದದ್ದು ಒಂದು ಗೇಣು ಜಾಗ. ಯಜಮಾನರ ಹಳೆಯ ಜೀನ್ಸ್ ಪ್ಯಾಂಟಿನ ಕಾಲನ್ನು ಕತ್ತರಿಸಿ, ಸರಿಯಾಗಿ ಒಂದು ಗೇಣುದ್ದದ ಚೀಲ ಹೊಲಿದೆ. ಒಳಗೆ ಒಂದೊಂದು ಸಾಮಾನಿಗೂ ಒಂದೊಂದು ಜೇಬು, ಮೇಲೆ ಮಡಚಿ ಕಟ್ಟಲು ಎರಡು ಲಾಡಿ. ಇದರೊಳಗೆ ಹಿಡಿಸದ್ದು ನನಗೆ ಬೇಡ, ತೂಕ ಅರ್ಧ ಕೆಜಿ ಮೀರಬಾರದು ಎಂದು ನಿರ್ಧಾರ ಮಾಡಿದೆ.

ಎಷ್ಟೋ ಸಾಮಾನು ಬಂದವು, ಎಷ್ಟೋ ಹೋದವು. ಒಂದು ಸಲ ಮೊಬೈಲಿನಲ್ಲಿ ನೋಡಿ, ಮಡಚಿದರೆ ಅಂಗೈಯಷ್ಟಾಗುವ, ಹದಿನಾಲ್ಕು ಕೆಲಸ ಮಾಡುತ್ತದೆ ಎಂದು ಬರೆದಿದ್ದ ಥಳಥಳ ಹೊಳೆಯುವ ಒಂದು ಯಂತ್ರವನ್ನು ತರಿಸಿದೆ. ಕಚೇರಿಯ ಕಿಟಕಿಯ ಕೊಂಡಿ ಎಳೆಯಲು ಹೋದರೆ ಅದರ ಇಕ್ಕಳ ಬಾಯಿ ತಿರುಚಿಕೊಂಡು ಬಿಟ್ಟಿತು. ಹದಿನಾಲ್ಕು ಕೆಲಸವಂತೆ, ಒಂದೂ ನೆಟ್ಟಗೆ ಬರಲಿಲ್ಲ! ಅದನ್ನು ಬಿಸಾಡಿ ಒಂದೊಂದು ಕೆಲಸಕ್ಕೆ ಒಂದೊಂದು ಗಟ್ಟಿ ಸಾಮಾನು ಹುಡುಕತೊಡಗಿದೆ. ಚಿಕ್ಕ ಕಟಿಂಗ್ ಪ್ಲೇಯರ್ ಬಂತು. ಕರೆಂಟು ನೋಡಲು ಟೆಸ್ಟರ್ ಬಂತು. ಬಾಯಿಯನ್ನು ಹಿಗ್ಗಿಸಿ ಕುಗ್ಗಿಸಬಹುದಾದ ಒಂದು ಸ್ಕ್ರೂ ಸ್ಪ್ಯಾನರ್, ನನ್ನ ಅಂಗೈಗಿಂತ ಸ್ವಲ್ಪ ಉದ್ದದ್ದು, ಮೈಸೂರಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಅದನ್ನು ಸೀಮೆಎಣ್ಣೆಯಲ್ಲಿ ಎರಡು ದಿನ ನೆನೆಸಿ, ತಿಕ್ಕಿ ತಿಕ್ಕಿ ಹೊಳಪು ತರಿಸಿದಾಗ ನನಗಾದ ಖುಷಿ ಒಡವೆ ಕೊಂಡಾಗಲೂ ಆಗಿರಲಿಲ್ಲ. ಆರು ಮೂಲೆಯ ತೂತಿನ ಸ್ಕ್ರೂಗಳಿಗೆಂದು ಎಲ್ ಆಕಾರದ ಕೀಗಳು ಬೇಕಾದವು. ದೊಡ್ಡವು ಎಲ್ಲ ಕಡೆ ಸಿಗುತ್ತಿದ್ದವು, ಬೆಂಕಿಕಡ್ಡಿಗಿಂತ ಸಣ್ಣದು ಸಿಗಬೇಕಾದರೆ ಮೂರು ಅಂಗಡಿ ಅಲೆದೆ. ಗರಗಸದ ಬ್ಲೇಡು ಪೂರ್ತಿ ಹಿಡಿಸಲಿಲ್ಲ, ಅರ್ಧ ಮುರಿದು ಒಂದು ತುದಿಗೆ ಸೈಕಲ್ ಟ್ಯೂಬಿನ ರಬ್ಬರ್ ಸುತ್ತಿದೆ. ಉಳಿದ ಸಂದಿಯಲ್ಲಿ ಎರಡು ಬಗೆಯ ಟೇಪು, ಒಂದು ಮೊಳ ಕಟ್ಟುತಂತಿ, ಕಣ್ಣಿಗೆ ಬಿಡುವ ಔಷಧಿಯ ಖಾಲಿ ಸೀಸೆಯಲ್ಲಿ ಕೊಬ್ಬರಿ ಎಣ್ಣೆ. ಸುತ್ತಿಗೆ ಬೇಕೇ ಬೇಕು ಅನ್ನಿಸಿ ಒಂದು ತಿಂಗಳು ಒದ್ದಾಡಿದೆ. ಕೊನೆಗೆ, ಬಡಿಯಬೇಕಾದ ಕಡೆ ಕಲ್ಲು ಸಿಗುತ್ತದೆ ಎಂದು ಕೈಬಿಟ್ಟೆ.

ನರಸೀಪುರದ ಸಂತೆಯಲ್ಲಿ ಬಾಳೆಹಣ್ಣಿನವಳ ತಕ್ಕಡಿಯ ಮೇಲೆ ಚೀಲ ಇಟ್ಟು ತೂಗಿಸಿದೆ. ಅವಳು ಮುಳ್ಳು ನೋಡಿ, "ಅರ್ಧ ಕೆಜಿಗೆ ಒಂಚೂರು ಕಮ್ಮಿ ಅದೆ ಕಣಕ್ಕ. ಏನಿದು, ಚಿನ್ನವಾ?" ಅಂದಳು. ಬಿಚ್ಚಿ ತೋರಿಸಿದೆ. ಅವಳು ಕಟಿಂಗ್ ಪ್ಲೇಯರನ್ನು ಕೈಗೆತ್ತಿಕೊಂಡು ಎರಡು ಸಲ ಕಚಕ್ ಕಚಕ್ ಅನ್ನಿಸಿ, "ನಂಗೂ ಒಂದ್ ತಂದ್ಕೊಡಕ್ಕ," ಅಂದಳು. ಮುಂದಿನ ವಾರ ತಂದುಕೊಟ್ಟೆ.

ಆಮೇಲೆ ನೋಡಿ, ಕೆಲಸಗಳೇ ನನ್ನನ್ನು ಹುಡುಕಿಕೊಂಡು ಬರತೊಡಗಿದವು. ಕಚೇರಿಯಲ್ಲಿ ಕನ್ನಡಕದ ಕಾಲು ಕಳಚಿದವರು, ಮೇಜಿನ ಡ್ರಾಯರ್ ಸಿಕ್ಕಿಕೊಂಡವರು, ಎಲ್ಲರೂ ನನ್ನ ಟೇಬಲ್ಲಿಗೆ. ಒಂದು ಸಂಜೆ ನರಸೀಪುರದಿಂದ ವಾಪಸು ಬರುವಾಗ ಮಳೆ ಸುರಿಯುತ್ತಿತ್ತು. ಬಸ್ಸಿನ ವೈಪರು ಕಳಚಿಕೊಂಡು ಗಾಜಿನ ಮೇಲೆ ನೇತಾಡತೊಡಗಿತು. ಡ್ರೈವರ್ ಬಸ್ಸನ್ನು ಪಕ್ಕಕ್ಕೆ ನಿಲ್ಲಿಸಿ ಹಿಂದಕ್ಕೆ ತಿರುಗಿ, "ಯಾರ್‌ತಾವಾದ್ರೂ ಸ್ಪ್ಯಾನರ್ ಅದಾ ಸಾ?" ಎಂದು ಗಂಡಸರ ಸೀಟುಗಳ ಕಡೆಗೇ ಕೂಗಿದ. ಗಂಡಸರೆಲ್ಲ ಕಿಟಕಿಯಾಚೆ ನೋಡತೊಡಗಿದರು. ನಾನು ಮುಂದಿನ ಲೇಡೀಸ್ ಸೀಟಿನಿಂದ ಎದ್ದು, "ಎಷ್ಟರ ನಟ್ಟು?" ಅಂದೆ. ಬಸ್ಸಿಗೆ ಬಸ್ಸೇ ನನ್ನ ಕಡೆ ನೋಡಿತು. ಕೊಡೆ ಹಿಡಿಯಲು ಕಂಡಕ್ಟರ್ ಇಳಿದ, ಬಿಗಿ ಮಾಡಲು ನಾನು ಇಳಿದೆ. ಬಸ್ಸು ಮತ್ತೆ ಹೊರಟಾಗ ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ಮನೆ ಸೇರುವವರೆಗೂ ನನ್ನ ಮುಖದ ಮೇಲಿನ ನಗು ಮಾಸಲಿಲ್ಲ.

ಇದನ್ನೆಲ್ಲ ಮನೆಯಲ್ಲಿ ಹೇಳಿದರೆ ಮಾವನವರು, "ವೈಪರ್ ನಟ್ಟು ಯಾರ್ ಬೇಕಾದ್ರೂ ತಿರುಗಿಸ್ತಾರೆ," ಎಂದು ಮುಗಿಸಿಬಿಟ್ಟರು. ಅತ್ತೆ ಮಾತ್ರ ಮೂರು ಸಲ ಹೇಳಿಸಿಕೊಂಡು ಕೇಳಿದರು. ಆ ವರ್ಷ ಆಯುಧ ಪೂಜೆಗೆ ನಾನೇ ಚೀಲ ಬಿಚ್ಚಿ, ಸಾಮಾನು ಒರೆಸಿ, ಮಣೆಯ ಒಂದು ಮೂಲೆಯಲ್ಲಿ ಜೋಡಿಸಿದೆ. ಸ್ನಾನ ಮಾಡಿ ಬರುವಷ್ಟರಲ್ಲಿ ಅವು ಅಡುಗೆಮನೆಯ ಕಟ್ಟೆ ಮೇಲಿದ್ದವು. "ಅನ್ನ ಕೊಡೋ ಆಯುಧಕ್ಕೆ ಪೂಜೆ ಕಣವ್ವ. ಇವೆಲ್ಲ ಆಟದ ಸಾಮಾನು," ಅಂದರು ಮಾವ. ನನಗೆ ಅಳು ಬಂತು. ಅತ್ತರೆ ಅವರೇ ಗೆದ್ದಂತೆ ಎಂದು ಅಳಲಿಲ್ಲ. ಮುಂದಿನ ವರ್ಷಗಳಲ್ಲೂ ಕೇಳಿದೆ. ಅದೇ ಉತ್ತರ, ಕಡೆಕಡೆಗೆ ಬರೀ ಒಂದು ನಗು.

ಅವರ ಪೂಜೆಯ ಕಟ್ಟುನಿಟ್ಟು ಎಂಥದು ಅಂತ ಹೇಳಿಬಿಡುತ್ತೇನೆ. ಪೂಜೆಗೆ ಕೂತ ಆಯುಧವನ್ನು ಆ ದಿನ ಯಾರೂ ಎತ್ತುವಂತಿಲ್ಲ. ಮಾರನೆಯ ದಿನ ವಿಜಯದಶಮಿ ಬೆಳಿಗ್ಗೆ ಮಂಗಳಾರತಿ ಮಾಡಿ ಕದಲಿಸಿದ ಮೇಲೆಯೇ ಕೆಲಸ. ನಮ್ಮ ಬೀದಿಯಲ್ಲಿ ಬಡಗಿ, ಗಾರೆಯವರು, ಸೈಕಲ್ ಶಾಪಿನವರು ಎಲ್ಲರದೂ ಇದೇ ಪದ್ಧತಿ. ನಾನು ಸೊಸೆಯಾಗಿ ಬರುವುದಕ್ಕೂ ಮುಂಚೆ ಒಂದು ವರ್ಷ, ಯಾರೋ ರೈತರು ಬಂದು ಗೋಗರೆದರೆಂದು ಮಾವ ಪೂಜೆಯ ದಿನವೇ ಸ್ಪ್ಯಾನರ್ ಎತ್ತಿದರಂತೆ. ಪಂಪಿನ ಬೆಲ್ಟಿಗೆ ಕೈ ಸಿಕ್ಕಿಕೊಂಡಿತು. ಬಲಗೈಯ ನಡುಬೆರಳು ಇವತ್ತಿಗೂ ಮಡಚುವುದಿಲ್ಲ. ಆಗ ಮೂರು ತಿಂಗಳು ಅವರಿಗೆ ತುತ್ತು ಕಲಸಿ ಉಣ್ಣಿಸಿದವರು ಅತ್ತೆ. ಆದ್ದರಿಂದ ಆ ಕಟ್ಟುನಿಟ್ಟಿನಲ್ಲಿ ಮಾವನಿಗಿಂತ ಅತ್ತೆಯೇ ಒಂದು ಕೈ ಮೇಲು.

ಐದನೆಯ ವರ್ಷದ ಪೂಜೆ. ಯಜಮಾನರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುವವರು, ಅಲ್ಲಿನ ಪೂಜೆಗೆಂದು ಬೆಳಿಗ್ಗೆಯೇ ಹೋಗಿದ್ದರು. ಮನೆಯಲ್ಲಿ ನಾವು ಮೂವರೇ. ಆ ವರ್ಷವೂ ಕೇಳಿದೆ. ಮಾವ ನಗುತ್ತಾ ಕುಂಕುಮದ ತಟ್ಟೆಯನ್ನು ಆಚೆ ಸರಿಸಿದರು. ನಾನು ಚೀಲವನ್ನು ಬ್ಯಾಗಿಗೆ ತುರುಕಿ, ಬ್ಯಾಗನ್ನು ಗೂಟಕ್ಕೆ ನೇತುಹಾಕಿ, ಮುಖ ಗಂಟು ಹಾಕಿಕೊಂಡು ಪಾಯಸ ತಿರುವಲು ಹೋದೆ.

ಅತ್ತೆಗೆ ಸಕ್ಕರೆ ಕಾಯಿಲೆ. ಊಟಕ್ಕೆ ಮುಂಚೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ, ಚುಚ್ಚಿಕೊಂಡ ಮೇಲೆ ತಡಮಾಡದೆ ಉಣ್ಣಲೇಬೇಕು. ಅಂದು ಪೂಜೆ ಮುಗಿಯುವವರೆಗೆ ಒಂದು ಲೋಟ ಕಾಫಿ ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಮಂಗಳಾರತಿ ಆಯಿತು, ಸೂಜಿ ಚುಚ್ಚಿಕೊಂಡರು, "ಎಲೆ ಆಕು ಮಗಾ, ಬಂದೆ," ಎಂದು ಬಚ್ಚಲಮನೆಗೆ ಹೋದರು. ನಾನು ಎಲೆ ಹಾಕಿದೆ, ಚಿತ್ರಾನ್ನ ಬಡಿಸಿದೆ, ಪಾಯಸ ಬಿಟ್ಟೆ. ಬೀದಿಯಲ್ಲಿ ಆಟೋದವರು ಬೂದುಗುಂಬಳಕಾಯಿ ಒಡೆದು ಪಟಾಕಿ ಹಚ್ಚುತ್ತಿದ್ದರು. ಆ ಗಲಾಟೆಯಲ್ಲಿ ಒಳಗಿನ ಸದ್ದು ನಮಗೆ ಕೇಳಿಸಲೇ ಇಲ್ಲ. ಪಟಾಕಿ ನಿಂತಾಗ ಧಡಧಡ ಬಾಗಿಲು ಬಡಿಯುವುದು ಕೇಳಿತು. ಗಡಿಯಾರ ನೋಡಿದೆ. ಅತ್ತೆ ಒಳಗೆ ಹೋಗಿ ಕಾಲು ಗಂಟೆಯಾಗಿತ್ತು.

"ಇಡಿ ಕೈಗೇ ಕಿತ್ತು ಬಂತು ಕಣವ್ವ!" ಎಂದು ಒಳಗಿನಿಂದ ಕೂಗಿದರು ಅತ್ತೆ. ಬಚ್ಚಲಿನ ಬಾಗಿಲಿಗೆ ಎರಡೂ ಕಡೆ ಕೆಳಕ್ಕೆ ಒತ್ತುವ ಹಿಡಿಯಿದ್ದ ಲಾಕು. ಒಳಗಿನ ಹಿಡಿ ತಿಂಗಳುಗಟ್ಟಲೆಯಿಂದ ಅಲ್ಲಾಡುತ್ತಿತ್ತು. ನಾನು ಬಿಗಿ ಮಾಡುತ್ತೇನೆ ಅಂದರೆ ಮಾವ, "ನನ್ನ ಮನೆ ಲಾಕು ನಾನ್ ಮಾಡ್ತೀನಿ, ನೀನ್ ಕೈ ಆಕ್ಬೇಡ," ಎಂದು ತಡೆದಿದ್ದರು. ಈಗ ಅದು ಬುಡಕ್ಕೇ ಮುರಿದು ಬಂದಿತ್ತು. ಹೊರಗಿನ ಹಿಡಿ ಒತ್ತಿದೆ. ಅದರೊಳಗಿನ ತೂತು ಸವೆದುಹೋಗಿ, ಹಿಡಿ ಸುಮ್ಮನೆ ಗಿರಗಿರ ತಿರುಗಿತು, ಲಾಕು ಮಿಸುಕಲಿಲ್ಲ.

ಬೇರೆ ದಾರಿಯೇ ಇರಲಿಲ್ಲ, ಯಾಕೆಂದರೆ ಆ ಬಚ್ಚಲು ಮಾವ ಮುಂದೆ ನಿಂತು ಕಟ್ಟಿಸಿದ್ದು. ಹೊನ್ನೆ ಮರದ ದಪ್ಪ ಬಾಗಿಲು, ಹೊರಕ್ಕೆ ತೆಗೆಯುವಂಥದ್ದು. ಒದ್ದರೆ ಚೌಕಟ್ಟಿಗೆ ಇನ್ನಷ್ಟು ಬಿಗಿಯಾಗುತ್ತದೆ. ಗಾಳಿಕಿಂಡಿಗೆ ಎಕ್ಸಾಸ್ಟ್ ಫ್ಯಾನು. ಜಿರಲೆ ಬರಬಾರದೆಂದು ಬಾಗಿಲ ಕೆಳಗೆ ರಬ್ಬರ್ ಪಟ್ಟಿ. ಒಂದು ಚಮಚ ಸಕ್ಕರೆ ಒಳಗೆ ಕೊಡೋಣವೆಂದರೂ ಸಂದಿಯಿಲ್ಲ. ನಾನು ಬಾಗಿಲಿಗೆ ಕಿವಿಗೊಟ್ಟೆ.

"ಅತ್ತೆ, ಹೇಗಿದೀರಾ?" ಅಂದೆ.

"ಬೆವ್ರು ಬತ್ತಾ ಅದೆ. ಕೈ ನಡುಗ್ತದೆ," ಅಂದರು. ಅವರಿಗೆ ಸಕ್ಕರೆ ಇಳಿಯುತ್ತಿರುವುದು ನನಗೂ ಗೊತ್ತಾಯಿತು, ಮಾವನಿಗೂ ಗೊತ್ತಾಯಿತು. ಹಿಂದೊಮ್ಮೆ ಹೀಗೇ ಬೆವತು, ಮಾತು ತೊದಲಿ, ನೋಡುತ್ತಿದ್ದ ಹಾಗೇ ಪ್ರಜ್ಞೆ ತಪ್ಪಿದ್ದರು. ಆವತ್ತು ಕೈಗೆ ಸಿಕ್ಕಿದ್ದರು, ಬಾಯಿಗೆ ಸಕ್ಕರೆ ನೀರು ಬಿಟ್ಟಿದ್ದೆವು. ಈ ಸಲ ನಡುವೆ ಬಾಗಿಲು.

ಮಾವ ಬೀದಿಗೆ ಓಡಿ ಪಕ್ಕದ ಮನೆಯ ಬಡಗಿಯನ್ನು ಕೂಗಿದರು. ಅವನು ಪೂಜೆ ಮುಗಿಸಿ ಬಾಗಿಲಿಗೆ ಬೀಗ ಹಾಕಿಕೊಂಡು ಹೆಂಡತಿಯ ತವರಿಗೆ ಹೋಗಿದ್ದ. ಓಡುತ್ತಲೇ ವಾಪಸು ಬಂದವರು ಪೂಜೆಯ ಮಣೆಯ ಮುಂದೆ ನಿಂತರು. ಹೂವು ಮುಡಿದ ಸ್ಪ್ಯಾನರುಗಳು ಸಾಲಾಗಿ ಕೂತಿದ್ದವು. "ಆಳಾಗ್ಲಿ ಪೂಜೆ," ಎಂದು ಕೈ ಚಾಚಿದರು.

ಅತ್ತೆಗೆ ಅದು ಹೇಗೆ ಕೇಳಿಸಿತೋ! "ಏನ್ರೀ, ಮುಟ್ಟಿಗಿಟ್ಟೀರಾ ಜೋಕೆ!" ಎಂದು ಒಳಗಿನಿಂದ ಅರಚಿದರು. "ಒಂದ್ ದಪ ಮುಟ್ಟಿ ಆಗಿದ್ದು ಸಾಲ್ದಾ? ನನ್ ತಾಳಿ ಆಣೆ, ಮುಟ್ಟುದ್ರೆ ಬಾಗ್ಲು ತೆಗುದ್ರೂ ನಾನ್ ಈಚೆಗೆ ಬರಾಕಿಲ್ಲ!"

ಮಾವನ ಕೈ ಗಾಳಿಯಲ್ಲೇ ನಿಂತಿತು. ಅಷ್ಟು ದೊಡ್ಡ ಕೆಲಸಗಾರ, ಕಣ್ಣು ತುಂಬಿಕೊಂಡು ನನ್ನ ಕಡೆ ನೋಡಿದರು. "ಏನ್ ಮಾಡ್ಲವ್ವ?" ಅಂದರು.

"ಸರೀರಿ ಆ ಕಡೆ," ಅಂದೆ. ಮಾವನಿಗೆ ನಾನು ಹಾಗೆ ಗದರಿಸಿದ್ದು ಅದೇ ಮೊದಲು. ಗೂಟದಿಂದ ಬ್ಯಾಗು ಎಳೆದು, ಚೀಲದ ಲಾಡಿ ಬಿಚ್ಚಿ ಬಚ್ಚಲ ಬಾಗಿಲ ಮುಂದೆ ಹಾಸಿದೆ. ಕೆಲಸ ಏನೆಂದು ನನಗೆ ಕಾಣುತ್ತಿತ್ತು. ಲಾಕಿನೊಳಗೆ ಈ ಕಡೆಯಿಂದ ಆ ಕಡೆಗೆ ಒಂದು ಚೌಕದ ಸರಳು ಇರುತ್ತದೆ. ಹೊರಗಿನ ಹಿಡಿಯನ್ನು ಕಿತ್ತರೆ ಆ ಸರಳಿನ ತುದಿ ಹೊರಗೆ ಕಾಣುತ್ತದೆ, ಅದನ್ನು ಹಿಡಿದು ತಿರುಗಿಸಿದರೆ ಲಾಕು ತೆರೆಯಬೇಕು. ಹಿಡಿಯ ಕುತ್ತಿಗೆಯಲ್ಲಿ, ಎಳ್ಳಿನ ಕಾಳಿಗಿಂತ ಸ್ವಲ್ಪ ದೊಡ್ಡದಾದ, ಆರು ಮೂಲೆ ತೂತಿನ ಒಂದು ಸ್ಕ್ರೂ ಅದನ್ನು ಸರಳಿನಿಂದ ಕಳಚದಂತೆ ಹಿಡಿದಿತ್ತು. ಅದನ್ನು ಸಡಿಲಿಸದೆ ಹಿಡಿ ಬರುವುದಿಲ್ಲ.

"ಕೊಡು ಇಲ್ಲಿ," ಎಂದು ಮಾವ ನನ್ನ ಕೀಗಳ ಗೊಂಚಲನ್ನು ಕಿತ್ತುಕೊಂಡರು. ಅಭ್ಯಾಸ ಬಲ, ತಪ್ಪು ಹೇಳಲಾರೆ. ಆದರೆ ಕಣ್ಣಿಗೆ ಕನ್ನಡಕವಿರಲಿಲ್ಲ. ಒಂದು ಕೀ ತುರುಕಿದರು, ದೊಡ್ಡದಾಯಿತು. ಇನ್ನೊಂದು ತುರುಕಿದರು, ಅದು ಜಾರಿ ಸ್ಕ್ರೂನ ಬಾಯಿ ಕೆರೆಯಿತು. ಇನ್ನೆರಡು ಸಲ ಹಾಗೆ ಜಾರಿದ್ದರೆ ಆ ಬಾಯಿ ದುಂಡಗಾಗಿ ಯಾವ ಕೀಯೂ ಕಚ್ಚುತ್ತಿರಲಿಲ್ಲ. "ಬಿಡಿ ಮಾವ! ಅತ್ತೆ ಹತ್ರ ಮಾತಾಡ್ತಾ ಇರಿ, ಮಲಗೋಕೆ ಬಿಡಬೇಡಿ," ಅಂದೆ. ಬಿಟ್ಟರು.

ಅವರು ಬಾಗಿಲಿಗೆ ಬಾಯಿಟ್ಟು, "ಲೇ ಇವ್ಳೇ, ಮಾತಾಡೇ, ನನ್ನ ಬಯ್ಯೇ," ಎಂದು ಗೋಗರೆಯುತ್ತಿದ್ದರು. ಒಳಗಿನಿಂದ ಬರುತ್ತಿದ್ದ ಉತ್ತರ ಮೆತ್ತಗಾಗುತ್ತಾ, ಪದಗಳು ಒಂದರ ಮೇಲೊಂದು ಹತ್ತುತ್ತಾ ಬಂದವು. ಅತ್ತೆ ನೆಲದ ಮೇಲೆ ಕೂತ ಸದ್ದಾಯಿತು. ನಾನು ಬೆಂಕಿಕಡ್ಡಿಗಿಂತ ಸಣ್ಣ ಆ ಕೀಯನ್ನು ಆರಿಸಿ ಇಟ್ಟೆ. ಸರಿಯಾಗಿ ಕೂತಿತು, ಆದರೆ ಸ್ಕ್ರೂ ತುಕ್ಕಿಗೆ ಕಚ್ಚಿಕೊಂಡಿತ್ತು. ಎರಡು ಹನಿ ಎಣ್ಣೆ ಬಿಟ್ಟೆ. ಅದು ಇಳಿಯುವವರೆಗೆ ಕಾಯಬೇಕಿತ್ತಲ್ಲ, ಆ ಒಂದು ನಿಮಿಷದಷ್ಟು ಉದ್ದದ ನಿಮಿಷ ನನ್ನ ಆಯಸ್ಸಿನಲ್ಲಿ ಇನ್ನೊಂದಿಲ್ಲ. ಬಾಯಲ್ಲಿ ನಂಜುಂಡಪ್ಪನನ್ನು ಕರೆಯುತ್ತಾ, ಕೈಯಲ್ಲಿ ಕೀಯನ್ನು ಮೊದಲು ಬಿಗಿಯುವ ಕಡೆಗೆ ಒಂದು ಕೂದಲೆಳೆಯಷ್ಟು ಒತ್ತಿ, ಆಮೇಲೆ ಬಿಚ್ಚುವ ಕಡೆಗೆ ಎಳೆದೆ. ಟಕ್ ಅಂತು. ತಿರುಗಿತು!

ಹಿಡಿ ಕೈಗೆ ಬಂತು. ಸರಳಿನ ತುದಿ ಕಂಡಿತು. ಕಟಿಂಗ್ ಪ್ಲೇಯರ್ ಹಾಕಿದರೆ ಜಾರಿತು. "ಸ್ಕ್ರೂ ಸ್ಪ್ಯಾನರ್!" ಎಂದು ಕೈ ಹಿಂದಕ್ಕೆ ಚಾಚಿದೆ. ಮಾವ ಚೀಲದಿಂದ ಅದನ್ನು ಎಳೆದು, ಬಾಯಿಯನ್ನು ಅಂದಾಜಿನಿಂದಲೇ ಕುಗ್ಗಿಸಿ, ನನ್ನ ಅಂಗೈಗೆ ಇಟ್ಟರು. ಸರಳಿಗೆ ಕಚ್ಚಿಸಿ, ತಿರುಪನ್ನು ಬಿಗಿ ಮಾಡಿ, ಎರಡೂ ಕೈಯಿಂದ ಕೆಳಕ್ಕೆ ಒತ್ತಿದೆ. ಲಾಕಿನ ನಾಲಗೆ ಒಳಗೆ ಸರಿಯಿತು. ಬಾಗಿಲು ತೆರೆಯಿತು.

ಅತ್ತೆ ಗೋಡೆಗೆ ಒರಗಿ ಕೂತಿದ್ದರು, ಸೀರೆಯೆಲ್ಲ ಬೆವರು, ಕಣ್ಣು ಅರೆ ಮುಚ್ಚಿತ್ತು. ಕರೆದರೆ ತಲೆ ಎತ್ತಿದರು. ಮಾವ ಅವರನ್ನು ಎದೆಗೆ ಒರಗಿಸಿ ಹಿಡಿದುಕೊಂಡರು, ನಾನು ಸಕ್ಕರೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದೆ. ಲೋಟ ಖಾಲಿಯಾಗಿ ಸ್ವಲ್ಪ ಹೊತ್ತಿಗೆ ನಡುಕ ನಿಂತಿತು. ಹಾಲ್‌ಗೆ ಕರೆತಂದು ಎಲೆಯ ಮುಂದೆ ಕೂರಿಸಿದೆವು. ಎರಡು ತುತ್ತು ಚಿತ್ರಾನ್ನ ಹೋದ ಮೇಲೆ ಅತ್ತೆ ಆಡಿದ ಮೊದಲ ಮಾತು, "ಮುಟ್ಟಿಲ್ಲ ತಾನೆ?"

"ಇಲ್ಲ ಕಣೇ," ಅಂದರು ಮಾವ. "ಇವ್ಳ್ ಸಾಮಾನಲ್ಲೇ ಆಯ್ತು."

ಅತ್ತೆ ನನ್ನನ್ನು ನೋಡಿ ನಕ್ಕರು. "ಅದ್ನೇ ನಾನೂ ಅಂದ್ಕೊಂಡೆ," ಅಂದರು. ಆಗ ನನಗೆ ತಡೆಯಲಾಗಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಳಗಳನೆ ಅತ್ತುಬಿಟ್ಟೆ. ಅಳು ಮುಗಿದ ಮೇಲೆ ಎಂಥಾ ಹಸಿವು ಅಂತೀರಿ, ಮೂರು ಸಲ ಚಿತ್ರಾನ್ನ ಹಾಕಿಸಿಕೊಂಡೆ.

ಊಟವಾದ ಮೇಲೆ ನಾನು ಬಚ್ಚಲ ಬಾಗಿಲ ಮುಂದೆ ಕೂತೆ. ಹೊಸ ಲಾಕು ಬರುವವರೆಗೆ ಆ ಹಾಳು ಲಾಕು ಬಾಗಿಲಲ್ಲೇ ಇರುವುದು ನನಗೆ ಬೇಕಿರಲಿಲ್ಲ. ನಾಲ್ಕು ಸ್ಕ್ರೂ ಬಿಚ್ಚಿ ಕಿತ್ತುಹಾಕಬೇಕು, ಅಷ್ಟೇ. ಎರಡು ಬಿಚ್ಚಿದ್ದೆ. ಮಾವ ಅಂಗಡಿಯ ಕೋಣೆಯಿಂದ ಕರೆದರು. ತಿರುಗಿ ನೋಡಿದೆ. ಮಣೆಯ ಹತ್ತಿರ ಕೂತು, ಪೂಜೆಗಿಟ್ಟ ಆಯುಧ ಯಾವುದನ್ನೂ ಮುಟ್ಟದೆ, ಮಣೆಯ ಪಕ್ಕಕ್ಕೆ ಇನ್ನೊಂದು ಹೊಸ ಮಣೆ ಜೋಡಿಸಿ, ಅದರ ಮೇಲೆ ಒ‌ಗೆದ ಪಂಚೆ ಹಾಸಿ, ಹೂವು ಇಟ್ಟಿದ್ದರು.

"ತಂದಿಡವ್ವ," ಅಂದರು.

ಐದು ವರ್ಷ ಬೇಡಿದ್ದ ಜಾಗ. ಎದೆ ತುಂಬಿ ಬಂತು, ಸುಳ್ಳು ಹೇಳಲಾರೆ. ಆದರೂ ನನ್ನ ಬಾಯಿಂದ ಬಂದದ್ದೇ ಬೇರೆ. "ಬೇಡ ಮಾವ. ಅಲ್ಲಿ ಕೂತ್ರೆ ನಾಳೆ ಬೆಳಿಗ್ಗೆವರೆಗೂ ಎತ್ತೋ ಹಾಗಿಲ್ಲ. ನಂಗೆ ಇನ್ನೂ ಕೆಲಸ ಇದೆ."

ಅವರು ಹಾಸಿದ್ದ ಪಂಚೆಯ ಸುಕ್ಕು ಸವರಿದರು. ಬೇಸರವಾಯಿತೇನೋ ಎಂದು ನಾನು ಮೂರನೆಯ ಸ್ಕ್ರೂಗೆ ಕೈ ಹಾಕಿದೆ. ಅಷ್ಟರಲ್ಲಿ ಅವರು ಅರಿಶಿನ ಕುಂಕುಮದ ತಟ್ಟೆ ಹಿಡಿದು ಎದ್ದು ಬಂದು, ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತರು. ಹಾಸಿದ್ದ ಚೀಲದ ಒಂದೊಂದು ಸಾಮಾನಿಗೂ ಅರಿಶಿನ ಕುಂಕುಮ ಇಟ್ಟರು, ಆ ಸಣ್ಣ ಕೀಗೂ ಇಟ್ಟರು. ಕೊನೆಗೆ ನನ್ನ ಕೈಯಲ್ಲಿದ್ದ ಸ್ಕ್ರೂಡ್ರೈವರಿನ ಕಡೆ ಬೆರಳು ತಂದರು. ನಾನು ಕೈ ನಿಲ್ಲಿಸಲು ಹೋದೆ.

"ನಿಲ್ಲಿಸ್ಬೇಡ," ಅಂದರು. "ನೀನ್ ತಿರುಗಿಸ್ತಿರು, ನಾನ್ ಇಕ್ತೀನಿ."

ತಿರುಗುತ್ತಿದ್ದ ಸರಳಿಗೆ ಕುಂಕುಮ ಇಟ್ಟು ಅವರು ಕೈ ಮುಗಿದರು. ಪೂಜೆಯಾಗುತ್ತಿದ್ದ ಹೊತ್ತಿನಲ್ಲೇ ಆಯುಧ ಕೆಲಸ ಮಾಡಿದ್ದು ಆ ಮನೆಯಲ್ಲಿ ಅದೇ ಮೊದಲು. ಅಲ್ಲೇ ಕೂತು ನೋಡುತ್ತಿದ್ದ ಅತ್ತೆಯೂ ಕೈ ಮುಗಿದರು. ನಾನು ಮೂರನೆಯದನ್ನು ಬಿಚ್ಚಿದೆ, ನಾಲ್ಕನೆಯದನ್ನೂ ಬಿಚ್ಚಿದೆ, ಲಾಕನ್ನು ಕಿತ್ತು ಮಾವನವರ ಕೈಗೆ ಹಾಕಿದೆ.